ಹೊರಟ ಹೊತ್ತು, ತಲುಪಿದ ಹೊತ್ತು

ನಾಲ್ಕು ರಸ್ತೆಗಳು ಕೂಡುವಲ್ಲಿ, ಸಿಗ್ನಲ್ ಕಂಬಕ್ಕೆ ಬೆನ್ನು ಕೊಟ್ಟು ನಿಂತ ತಗಡಿನ ಗೂಡೊಂದರಲ್ಲಿ ಬಸ್ಸುಗಳ ಟೈಂಕೀಪರ್ ಕೂರುತ್ತಿದ್ದ. ಒಂದು ಸ್ಟೂಲು, ಒಂದು ಗೋಡೆ ಗಡಿಯಾರ, ಉದ್ದನೆಯ ರಿಜಿಸ್ಟರು, ಎರಡು ಪೆನ್ನು. ನೀಲಿ ಪೆನ್ನು ಎಲ್ಲರಿಗೂ, ಕೆಂಪು ಪೆನ್ನು ತಪ್ಪಿದವರಿಗೆ. ಗೂಡಿನ ಮುಂದೆ ರಸ್ತೆಗೆ ಅಡ್ಡಲಾಗಿ ಒಂದು ಬಿಳಿ ಗೆರೆ. ಬಸ್ಸಿನ ಮುಂದಿನ ಚಕ್ರ ಆ ಗೆರೆ ಮುಟ್ಟಿದ ಗಳಿಗೆಯನ್ನು ಬರೆದುಕೊಳ್ಳುವುದು ಇಪ್ಪತ್ತೆರಡು ವರ್ಷಗಳಿಂದ ಅವನ ಕೆಲಸ. ಮೂರು ನಿಮಿಷ ತಡವಾದರೆ ಕೆಂಪು. ಎರಡು ನಿಮಿಷ ಮುಂಚೆ ಬಂದರೂ ಕೆಂಪು. ತಿಂಗಳಲ್ಲಿ ಮೂರು ಕೆಂಪು ಬಿದ್ದರೆ ಡ್ರೈವರಿಗೆ ಆ ತಿಂಗಳ ಭತ್ಯೆ ಖೋತಾ.

ಡ್ರೈವರುಗಳು ಎದುರಿಗೆ ಅವನನ್ನು ಟೈಂ ಸರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಸೆಕೆಂಡು ಎನ್ನುತ್ತಿದ್ದರು. ಎರಡನೆಯದು ಅವನ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ.

ಸ್ಟೀರಿಂಗ್ ಹಿಡಿದರೆ ಹಾಡು ಗುನುಗುತ್ತಲೇ ಇರುವ ಡ್ರೈವರೊಬ್ಬನಿದ್ದ. ಅವನಿಗೆ ಹಾಡು ಡ್ರೈವರ್ ಎಂದೇ ಹೆಸರು. ಆ ತಿಂಗಳು ಮೂರನೆಯ ಕೆಂಪು ಬಿದ್ದಾಗ ಅವನು ಹಾಡು ನಿಲ್ಲಿಸಿ, ಬಸ್ಸಿನಿಂದ ಇಳಿದು ಗೂಡಿನ ಕಿಟಕಿಗೆ ಬಂದ.

"ಸರ್, ಡಿಪೋ ಗೇಟ್ ದಾಟಿದ್ದು ಕರೆಕ್ಟ್ ಟೈಮಿಗೇ. ಬೇಕಿದ್ರೆ ವಾಚ್‌ಮ್ಯಾನನ್ನ ಕೇಳಿ. ಮಧ್ಯೆ ರಸ್ತೆ ಅಗೆದಿದ್ರೆ ನಾನೇನು ಹಾರ್ಕೊಂಡು ಬರ್ಲಾ?"

"ಹೊರಟ ಹೊತ್ತು ನಿನ್ನದು, ತಲುಪಿದ ಹೊತ್ತು ನನ್ನದು. ನಾನು ಬರೆಯೋದು ನಂದನ್ನ."

"ಒಂದೇ ಒಂದ್ಸಲ ನೀಲಿ ಮಾಡಿ ಸರ್. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

"ನನ್ನ ಹೊಟ್ಟೆ ತಣ್ಣಗೇ ಇದೆ. ಹೊರಡು, ಹಿಂದೆ ಬಸ್ಸು ನಿಂತಿದೆ."

ಇಪ್ಪತ್ತೆರಡು ವರ್ಷಗಳಲ್ಲಿ ಅವನು ಒಂದು ಕೆಂಪನ್ನೂ ಅಳಿಸಿರಲಿಲ್ಲ.

ಮನೆ ಮೂರನೆಯ ಮಹಡಿಯಲ್ಲಿತ್ತು. ಐವತ್ತನಾಲ್ಕು ಮೆಟ್ಟಿಲು, ಲಿಫ್ಟ್ ಇಲ್ಲ. ಕಿಟಕಿಯ ಬಳಿ ಹೊಲಿಗೆ ಯಂತ್ರ ಹಾಕಿಕೊಂಡು ಹೆಂಡತಿ ಬಟ್ಟೆ ಆಲ್ಟರ್ ಮಾಡುತ್ತಿದ್ದಳು. ಉದ್ದದ ಪ್ಯಾಂಟು ಗಿಡ್ಡವಾಗುವುದು, ಕಿತ್ತ ಜಿಪ್ಪು ಬದಲಾಗುವುದು, ದಪ್ಪಗಾದವರ ರವಿಕೆಗೆ ಉಸಿರಾಡಲು ಜಾಗ ಸಿಗುವುದು ಅಲ್ಲೇ. ದಾರ, ಜಿಪ್ಪು, ಗುಂಡಿ ತರುವ ಸಗಟು ಅಂಗಡಿಯಲ್ಲಿ ಬಳಸಲು ಅವಳದೇ ಒಂದು ಕ್ರೆಡಿಟ್ ಕಾರ್ಡ್ ಇತ್ತು. ಸಂಬಳದ ಮೇಲೆ ಸಿಕ್ಕಿದ ಇನ್ನೊಂದು ಕಾರ್ಡ್ ಅವನದು. ರೇಷನ್ನು, ಔಷಧಿ, ಗ್ಯಾಸು ಎಲ್ಲ ಅದರಲ್ಲೇ.

ಒಂದೇ ಸೂರಿನಡಿ ಎರಡು ಕಾರ್ಡ್, ಎರಡು ನೀತಿ.

ಅವಳಿಗೆ ಬಿಲ್ಲು ಬರುವವರೆಗೆ ಕಾಯುವ ಅಭ್ಯಾಸವೇ ಇರಲಿಲ್ಲ. ಗಿರಾಕಿ ದುಡ್ಡು ಕೊಟ್ಟು ಮೆಟ್ಟಿಲಿಳಿಯುವಷ್ಟರಲ್ಲಿ, ಮಗಳು ಹೇಳಿಕೊಟ್ಟಂತೆ, ಫೋನಿನಿಂದ ಕಾರ್ಡಿಗೆ ಅಷ್ಟೋ ಇಷ್ಟೋ ಕಟ್ಟಿಬಿಡುತ್ತಿದ್ದಳು. "ಕೈಲಿದ್ರೆ ಖರ್ಚಾಗತ್ತೆ, ಅಲ್ಲಿಗೆ ಹೋದ್ರೆ ನಿದ್ದೆ ಬರತ್ತೆ" ಎನ್ನುವುದು ಅವಳ ಲೆಕ್ಕ. ತಿಂಗಳ ಕೊನೆಗೆ ಬಿಲ್ಲು ಬಂದಾಗ ಕಟ್ಟಲು ಹೆಚ್ಚೇನೂ ಉಳಿದಿರುತ್ತಿರಲಿಲ್ಲ. ಗಂಡನಿಗೆ ಇದನ್ನು ನೋಡಿದರೆ ನಗು.

"ಬಸ್ಸು ಡಿಪೋನೇ ಬಿಟ್ಟಿಲ್ಲ, ಇವಳಾಗಲೇ ಟಿಕೆಟ್ ಹರಿಸ್ಕೊಂಡು ಕೂತಿದಾಳೆ!"

"ಹರಿಸ್ಕೊಳ್ಳಿ ಬಿಡಿ. ನಿಮ್ಮ ಜೇಬಿಂದ ಹೋಗ್ತಿದೆಯಾ?"

ಅವನ ನೀತಿ ಬೇರೆ. ಬಿಲ್ಲಿನಲ್ಲಿ ಕೊನೆಯ ದಿನ ಹದಿನೆಂಟು ಎಂದಿದ್ದರೆ ಹದಿನೆಂಟು. ಹದಿನೇಳೂ ಅಲ್ಲ, ಹತ್ತೊಂಬತ್ತೂ ಅಲ್ಲ. ಕೇಳಿದ ದಿನಕ್ಕಿಂತ ಮುಂಚೆ ಕೊಡುವುದು ಅವಸರಗೇಡಿಗಳ ಕೆಲಸ, ಆಮೇಲೆ ಕೊಡುವುದು ಮಾನಗೇಡಿಗಳ ಕೆಲಸ. ಹದಿನೆಂಟರ ಮಧ್ಯಾಹ್ನ ಪಾಳಿ ಮುಗಿಸಿ, ಬ್ಯಾಂಕಿನ ಹೊರಗೋಡೆಯ ಡಬ್ಬಿಗೆ ಪೂರ್ತಿ ಮೊತ್ತದ ಚೆಕ್ ಹಾಕಿ, ಸಣ್ಣ ನೋಟ್‌ಬುಕ್ಕಿನಲ್ಲಿ ದಿನ, ಹೊತ್ತು ಬರೆಯುತ್ತಿದ್ದ: ೧೮, ೩-೪೦. ತಿಂಗಳು ತಿಂಗಳೂ ೧೮, ೩-೪೦. ಒಂದೇ ಒಂದು ಸಲ ೩-೫೫ ಆಗಿತ್ತು. ಅವತ್ತು ಮಳೆ.

ಕೆಲವು ಬಿಲ್ಲುಗಳಲ್ಲಿ ಕೊನೆಗೆ ಸಣ್ಣ ಅಕ್ಷರಗಳಲ್ಲಿ ಒಂದು ಶುಲ್ಕ ಬಿದ್ದಿರುತ್ತಿತ್ತು. ಕಾರ್ಡ್ ಇಟ್ಟುಕೊಂಡಿದ್ದಕ್ಕೆ ಇರಬೇಕೆಂದು ಅದನ್ನೂ ಸೇರಿಸಿ ಕಟ್ಟುತ್ತಿದ್ದ. ಏನದು ಎಂದು ಕನ್ನಡಕ ಹಾಕಿಕೊಂಡು ಓದಿರಲಿಲ್ಲ. ತಡವಾಗುವ ಮನುಷ್ಯ ತಾನಲ್ಲ ಎಂದ ಮೇಲೆ ಓದುವುದೇನು?

ಹೀಗೇ ನಡೆಯುತ್ತಿತ್ತೋ ಏನೋ, ಹೆಂಡತಿಯ ಮಂಡಿ ಕೈಕೊಡದಿದ್ದರೆ.

ಮಗಳು ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ತನ್ನ ಹತ್ತು ತಿಂಗಳ ಮಗುವನ್ನು ಬೆಳಿಗ್ಗೆ ತಾಯಿಯ ಬಳಿ ಬಿಟ್ಟು, ಸಂಜೆ ಕರೆದೊಯ್ಯುತ್ತಿದ್ದಳು. ಮೊದಲೇ ಹೆದರುಪುಕ್ಕಲಿ. ಮೆಟ್ಟಿಲಿನ ಕಂಬಿಗಳ ಸಂದಿಯಲ್ಲಿ ಮಗುವಿನ ತಲೆ ತೂರೀತೇ ಎಂದು ಅಮ್ಮನ ಟೇಪು ಹಿಡಿದು ಅಳೆದಿದ್ದಳು. ಹೊಲಿಗೆ ಯಂತ್ರದ ಸುತ್ತ ಬಿದ್ದ ಸೂಜಿಗಳನ್ನು ಅಯಸ್ಕಾಂತ ಆಡಿಸಿ ಹುಡುಕುತ್ತಿದ್ದಳು. ಅವಳು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ಅಮ್ಮನ ಮಂಡಿಯೊಂದನ್ನೇ.

ಒಂದು ಬೆಳಿಗ್ಗೆ ಅಜ್ಜಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಿಸಿಲು ಕಾಯಿಸಲು ಕೆಳಗಿಳಿಯುತ್ತಿದ್ದಾಗ, ಎರಡನೆಯ ಮಹಡಿಯ ತಿರುವಿನಲ್ಲಿ ಎಡ ಮಂಡಿ ಮಡಚಿಕೊಂಡಿತು. ಬೀಳಲಿಲ್ಲ. ಗೋಡೆಗೆ ಬೆನ್ನು ಒರಗಿಸಿ, ಮಗುವನ್ನು ಎದೆಗೆ ಒತ್ತಿಕೊಂಡು, ಜಾರಿ ಕುಳಿತಳು. ಮೇಲೆ ಹತ್ತಲೂ ಆಗದೆ, ಕೆಳಗೆ ಇಳಿಯಲೂ ಆಗದೆ ಅಲ್ಲೇ ಅರ್ಧ ಗಂಟೆ. ಮಗುವಿಗೆ ಅದೂ ಒಂದು ಆಟ, ಅಜ್ಜಿಯ ಮೂಗು ಎಳೆಯುತ್ತ ಕೂತಿತ್ತು. ಕೊನೆಗೆ ಪ್ಯಾಂಟು ಕೊಡಲು ಬಂದ ಗಿರಾಕಿಯೊಬ್ಬ ಇಬ್ಬರನ್ನೂ ಮೇಲೆ ತಲುಪಿಸಿದ.

"ಈ ಮೆಟ್ಟಿಲು ಇನ್ನಾಗಲ್ಲಮ್ಮ" ಎಂದರು ಡಾಕ್ಟರು. "ಹತ್ತಿದಷ್ಟೂ ಸವೆಯತ್ತೆ."

ಮಗಳು ತಾಯಿಯ ಮುಂದೆ ಏನೂ ಅನ್ನದೆ, ಬಾಗಿಲಾಚೆ ಅಪ್ಪನನ್ನು ತಡೆದಳು. "ಅಪ್ಪಾ, ಅಮ್ಮ ಬಿದ್ದಿದ್ರೆ? ಮಗು ಮೇಲೇ ಬಿದ್ದಿದ್ರೆ? ನಂಗೆ ಕಣ್ಮುಚ್ಚಿದ್ರೆ ಆ ತಿರುವೇ ಕಾಣತ್ತೆ. ಕೆಳಗಡೆ ಮನೆ ನೋಡಿ, ಇಲ್ಲಾಂದ್ರೆ ನಾನು ಕೆಲಸ ಬಿಡ್ತೀನಿ."

ಕೆಳಗಿನ ಮನೆ ಸಿಕ್ಕಿತು. ಚಪ್ಪಲಿ ಹೊಲಿಯುವವರ ಗಲ್ಲಿಯ ಹಿಂದೆ, ನಿವೃತ್ತ ನರ್ಸಮ್ಮನೊಬ್ಬಳ ಎರಡು ಕೋಣೆಯ ಮನೆ. ಬಾಗಿಲಿಗೆ ಎರಡೇ ಮೆಟ್ಟಿಲು. ಯಂತ್ರ ಹಾಕಲು ಬೆಳಕಿರುವ ಕಿಟಕಿ. ತಂಗಿಯ ಊರಿಗೆ ಹೊರಟಿದ್ದ ನರ್ಸಮ್ಮನಿಗೆ ಮಾರುವುದಿತ್ತು, ಬಾಡಿಗೆಗೆ ಕೊಡುವುದಿರಲಿಲ್ಲ.

"ತಿಂಗಳ ಕೊನೇವರೆಗೂ ಇನ್ನೊಬ್ಬರಿಗೆ ತೋರ್ಸಲ್ಲ" ಎಂದಳು. "ಒಂದನೇ ತಾರೀಖಿನ ಮೇಲೆ ನನ್ನ ಬೈಕೋಬೇಡಿ."

ಗಡುವು ಕೊಡುವ ಜನರೆಂದರೆ ಅವನಿಗೆ ಇಷ್ಟ. ಕೂಡಿಟ್ಟದ್ದು ಬೆಲೆಯ ಮೂರನೇ ಒಂದು ಪಾಲಿಗೆ ಸಾಕಾಗುತ್ತಿತ್ತು. ಉಳಿದದ್ದಕ್ಕೆ ಸಾಲ. ನಿವೃತ್ತಿಗೆ ಹನ್ನೊಂದು ವರ್ಷವಿದೆ, ಸರ್ಕಾರಿ ಸಂಬಳ, ಯಾರ ಹತ್ತಿರವೂ ಕೈ ಚಾಚಿದವನಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬ್ಯಾಂಕಿಗೆ ಹೋದ.

ಸಾಲದ ಮೇಜಿನಲ್ಲಿದ್ದವಳು ಮಗಳ ವಯಸ್ಸಿನ ಅಧಿಕಾರಿ. ಸಂಬಳದ ಚೀಟಿ ನೋಡಿದಳು, ಚೆನ್ನಾಗಿದೆ ಎಂದಳು. ಕಂಪ್ಯೂಟರಿನಲ್ಲಿ ಏನನ್ನೋ ತೆರೆದಳು. ಆಮೇಲೆ ಮಾತು ನಿಧಾನವಾಯಿತು.

"ಸರ್, ನಿಮ್ಮ ಕ್ರೆಡಿಟ್ ಸ್ಕೋರ್ ಆರುನೂರ ಮೂವತ್ತೆಂಟಿದೆ. ಒಂಬೈನೂರಕ್ಕೆ. ನಮ್ಮಲ್ಲಿ ಏಳುನೂರರ ಕೆಳಗೆ ಮನೆ ಸಾಲ ಪಾಸಾಗೋದು ಕಷ್ಟ."

"ಅದ್ಯಾವ ಪರೀಕ್ಷೆ ಮೇಡಂ? ನಾನು ಬರೆದೇ ಇಲ್ವಲ್ಲ."

"ಪ್ರತಿ ತಿಂಗಳೂ ಬರೀತಾ ಇದೀರ ಸರ್. ನೀವು ಕಾರ್ಡಿನ ದುಡ್ಡು ಯಾವಾಗ ಕಟ್ತೀರ, ಎಷ್ಟು ಕಟ್ತೀರ ಅಂತ ಕಾರ್ಡಿನೋರು ವರದಿ ಕಳಿಸ್ತಾರೆ. ಅದರಿಂದ ಬರೋ ಅಂಕ ಇದು. ಕಳೆದ ಮೂವತ್ತಾರು ತಿಂಗಳಲ್ಲಿ ಹನ್ನೊಂದು ಸಲ ಲೇಟಾಗಿದೆ."

"ಯಾರದ್ದು?"

"ನಿಮ್ಮದೇ."

ಅವನು ಎದ್ದು ನಿಂತ. ಧ್ವನಿ ಏರಲಿಲ್ಲ, ಆದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು. "ಮೇಡಂ, ನೀವು ಬೇರೆ ಯಾರದೋ ಕಾಗದ ನೋಡ್ತಿದೀರ. ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಲೇಟು ಬರೆಯೋನು ನಾನು. ನಂಗೇ ಲೇಟಾ?" ಜೇಬಿನಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಬಿಡಿಸಿದ. ೧೮, ೩-೪೦. ೧೮, ೩-೪೦.

ಅವಳು ಪುಟ ತಿರುಗಿಸಿ ನೋಡಿದಳು. ನಗಲಿಲ್ಲ. "ಚೆಕ್ಕನ್ನ ಹೊರಗಿನ ಡಬ್ಬೀಗೆ ಹಾಕ್ತೀರಾ?"

"ಹೌದು. ಕೊನೇ ದಿನಕ್ಕೆ ಸರಿಯಾಗಿ."

"ಡಬ್ಬಿ ಬೀಗ ತೆಗೆಯೋದು ಮಾರನೇ ದಿನ ಬೆಳಿಗ್ಗೆ. ಅಲ್ಲಿಂದ ನಿಮ್ಮ ಖಾತೆ ಇರೋ ಬ್ಯಾಂಕಿಗೆ ಹೋಗಿ, ದುಡ್ಡಾಗಿ, ಕಾರ್ಡಿಗೆ ಸೇರೋಕೆ ಎರಡು ಮೂರು ದಿನ. ಮಧ್ಯೆ ರಜೆ ಸೇರ್ಕೊಂಡ್ರೆ ಐದಾರು ದಿನ. ಒಂದಿನ ಎರಡು ದಿನ ಆಗಿದ್ದು ಹೇಗೋ ದಾಟಿದೆ. ಅದಕ್ಕಿಂತ ಹೆಚ್ಚಾಗಿದ್ದೆಲ್ಲ ಇಲ್ಲಿ ಬಿದ್ದಿದೆ. ನೀವು ಹಾಕಿದ ದಿನ ಅವರಿಗೆ ಲೆಕ್ಕವಿಲ್ಲ ಸರ್. ಬಂದು ಸೇರಿದ ದಿನವೇ ಲೆಕ್ಕ."

ಅವನು ಬಾಯಿ ತೆರೆದ. 'ನಾನು ಹಾಕಿದ್ದು ಸರಿಯಾದ ಟೈಮಿಗೇ, ಬೇಕಿದ್ರೆ ಬಾಗಿಲ ಗಾರ್ಡನ್ನ ಕೇಳಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮಾತನ್ನು ಎಲ್ಲಿ ಕೇಳಿದ್ದೆ ಎಂದು ನೆನಪಾಗಿ ಅಲ್ಲೇ ನುಂಗಿದ.

"ದುಡ್ಡು ಒಂದು ಕಾಸೂ ಉಳಿಸ್ಕೊಂಡಿಲ್ವಲ್ಲ ಮೇಡಂ."

"ಉಳಿಸ್ಕೊಂಡಿಲ್ಲ, ಅದು ನಿಮ್ಮ ಪುಣ್ಯ. ಬರೀ ಕನಿಷ್ಠ ಮೊತ್ತ ಕಟ್ಕೊಂಡು ಬಂದಿದ್ರೆ ಬಡ್ಡಿ ಬೆಳೆದು ಇನ್ನೂ ಕೆಳಗಿರ್ತಿತ್ತು. ಇನ್ನೊಂದು ವರ್ಷ ಮುಂಚಿತವಾಗಿ ಕಟ್ತಾ ಬನ್ನಿ, ಏರತ್ತೆ."

"ಮನೆ ಮಾರೋರು ಕೊಟ್ಟಿರೋದು ಹನ್ನೆರಡು ದಿನ." ನೋಟ್‌ಬುಕ್ಕನ್ನು ತನ್ನ ಕಡೆಗೆ ಎಳೆದುಕೊಂಡು ಕೇಳಿದ: "ಆ ಹನ್ನೊಂದನ್ನ ಅಳಿಸೋಕೆ ಆಗತ್ತಾ?"

"ತಪ್ಪಾಗಿ ಬಿದ್ದಿದ್ರೆ ಅರ್ಜಿ ಕೊಟ್ಟು ತೆಗೆಸಬಹುದು. ಇದು ತಪ್ಪಾಗಿ ಬಿದ್ದಿದ್ದಲ್ಲ ಸರ್."

"ಅಲ್ಲ" ಎಂದ ಟೈಂಕೀಪರ್. ನೋಟ್‌ಬುಕ್ ಮಡಚಿದ.

ಎರಡು ದಿನ ಮನೆಯಲ್ಲಿ ಹೇಳಲಿಲ್ಲ. ಬ್ಯಾಂಕಿನಲ್ಲಿ ಏನಾಯಿತು ಎಂದು ಹೆಂಡತಿ ಕೇಳಿದರೆ "ನೋಡ್ತಿದಾರೆ" ಎಂದ. ಕಪಾಟಿನಿಂದ ಹಳೆಯ ಬಿಲ್ಲುಗಳನ್ನು ತೆಗೆದು, ಈ ಸಲ ಕನ್ನಡಕ ಹಾಕಿಕೊಂಡೇ ಓದಿದ. ತಡ ಪಾವತಿ ಶುಲ್ಕ. ಎಣಿಸಿದ. ಹನ್ನೊಂದಲ್ಲ, ಹದಿನೇಳು. ಹೇಗೋ ದಾಟಿದವೂ ಸೇರಿ.

ಎರಡನೆಯ ದಿನ ಗೂಡಿನ ಮುಂದೆ ಹಾಡು ಡ್ರೈವರ್ ಗೆರೆಯ ಮೇಲೆ ಬಂದು ನಿಂತ. ನಾಲ್ಕು ನಿಮಿಷ ತಡ. ಕಿಟಕಿಯಿಂದ ತಲೆ ಹೊರಹಾಕಿ, "ಹೊರಟಿದ್ದು ನಂದು, ತಲುಪಿದ್ದು ನಿಮ್ಮದು, ಗೊತ್ತು ಬಿಡಿ ಸರ್! ಬರ್ಕೊಳಿ ಬರ್ಕೊಳಿ" ಎಂದು ಅಣಕಿಸಿದ. ಟೈಂಕೀಪರ್ ಕೆಂಪು ಪೆನ್ನು ಎತ್ತಿಕೊಂಡ. ಒಂದು ಗಳಿಗೆ ಅದು ಕಾಗದದ ಮೇಲೆ ನಿಂತಿತು. ಆಮೇಲೆ ಬರೆಯಿತು. ಆದರೆ ಅವನು ಮೊದಲ ಸಲ ತಲೆಯೆತ್ತಿ, "ಯಾವ ರಸ್ತೆ ಅಗೆದಿದಾರೆ?" ಎಂದು ಕೇಳಿದ. ಡ್ರೈವರ್ ಗಾಬರಿಯಾಗಿ ಗೇರು ಹಾಕಿದ.

ಆ ಸಂಜೆ ಮಗಳು ಮಗುವನ್ನು ಕರೆದೊಯ್ಯಲು ಬಂದಾಗ, ಇಬ್ಬರೂ ಇರುವಾಗಲೇ, ಎಲ್ಲವನ್ನೂ ಹೇಳಿದ. ಬಸ್ಸಿನ ವೇಳಾಪಟ್ಟಿ ಓದುವ ಧ್ವನಿಯಲ್ಲಿ ಹೇಳಿದ: ಹನ್ನೊಂದು ಸಲ, ಆರುನೂರ ಮೂವತ್ತೆಂಟು, ಒಂದು ವರ್ಷ, ಹತ್ತು ದಿನ.

ಹೆಂಡತಿ ಯಂತ್ರ ನಿಲ್ಲಿಸಿದಳು. ತುಟಿ ಬಿಗಿಹಿಡಿದಳು. ತಡೆಯಲಾಗದೆ ನಕ್ಕೇಬಿಟ್ಟಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಕತ್ತರಿಸಿದ ಬಟ್ಟೆಯ ಚೂರಿನಲ್ಲಿ ಮುಖ ಒರೆಸಿಕೊಂಡಳು.

"ಲೇಟಾ? ನೀವಾ? ರೀ, ನಮ್ಮ ಮದುವೆ ದಿನ ನಮ್ಮಪ್ಪ ಐದು ನಿಮಿಷ ಲೇಟಾಗಿ ಬಂದ್ರು ಅಂತ ಇವತ್ತಿಗೂ ಹೇಳ್ತೀರಲ್ರೀ!"

"ಏಳು ನಿಮಿಷ" ಎಂದ ಅವನು.

ಮಗಳಿಗೆ ನಗು ಬರಲಿಲ್ಲ. ಆಗಲೇ ಅವಳ ಕಣ್ಣು ಮಗುವಿನ ಮೇಲೆ, ಬಾಗಿಲ ಮೇಲೆ, ಬಾಗಿಲಾಚೆಯ ಮೆಟ್ಟಿಲ ಮೇಲೆ ಓಡಾಡುತ್ತಿತ್ತು. "ಹಾಗಾದ್ರೆ ಮನೆ ಹೋಯ್ತಾ? ಇನ್ನೊಂದು ವರ್ಷ ಅಮ್ಮ ಇಲ್ಲೇನಾ?" ಎಂದಳು. ಏನಾದರೂ ದಾರಿ ಇರಲೇಬೇಕು ಎಂಬಂತೆ ತನ್ನ ಫೋನು ತೆಗೆದು ಒತ್ತತೊಡಗಿದಳು. "ಅಮ್ಮಾ, ನಿಂದೂ ಒಂದು ಸ್ಕೋರ್ ಇರತ್ತಲ್ಲ. ನಿನ್ನ ಫೋನಿಗೊಂದು ನಂಬರ್ ಬಂತು ನೋಡು, ಅದನ್ನ ಹೇಳು."

"ನಂದೇನೇ ಇರತ್ತೆ, ದಾರದುಂಡೆ ತರೋಳ್ದು."

ಪರದೆಯ ಮೇಲೆ ಚಕ್ರ ತಿರುಗಿತು. ನಿಂತಿತು. ಮಗಳು ಓದಿದಳು, ನಂಬಲಾಗದೆ ಮತ್ತೊಮ್ಮೆ ಓದಿದಳು.

"ಎಂಟುನೂರ ಹನ್ನೆರಡು."

ಮಗು ಗುಂಡಿಯ ಡಬ್ಬಿಯನ್ನು ನೆಲಕ್ಕೆ ಬಡಿಯಿತು.

ಮಾರನೆಯ ದಿನ ಹೆಂಡತಿ ಬ್ಯಾಂಕಿಗೆ ಹೊರಟಳು. ಐವತ್ತನಾಲ್ಕು ಮೆಟ್ಟಿಲನ್ನು ಕಂಬಿ ಹಿಡಿದು, ಒಂದೊಂದಕ್ಕೂ ಎರಡು ಕಾಲು ಊರಿ ಇಳಿದಳು. ಹನ್ನೊಂದಕ್ಕೆ ಬನ್ನಿ ಎಂದಿದ್ದರೆ ಹತ್ತೂ ಇಪ್ಪತ್ತಕ್ಕೇ ಹೋಗಿ ಬೆಂಚಿನ ಮೇಲೆ ಕುಳಿತಳು. ಗಂಡ ಹತ್ತೂ ಐವತ್ತೊಂಬತ್ತಕ್ಕೆ ಬಾಗಿಲು ತಳ್ಳಿ ಒಳಗೆ ಬಂದ.

ಅಧಿಕಾರಿ ಅವಳ ದಾಖಲೆ ನೋಡಿ ಹುಬ್ಬೇರಿಸಿದಳು. "ಅಮ್ಮ, ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಕಾರ್ಡಿನ ಮಿತಿಯಲ್ಲಿ ಕಾಲು ಭಾಗವನ್ನೂ ಮುಟ್ಟಿಲ್ಲ. ಯಾರು ಹೇಳ್ಕೊಟ್ರು?"

"ಯಾರಿಲ್ಲಮ್ಮ. ನಂಗೆ ಇನ್ನೊಬ್ಬರ ದುಡ್ಡು ಮನೇಲಿದ್ರೆ ನಿದ್ದೆ ಬರಲ್ಲ. ಇವರು ಟಿಕೆಟ್ ಹರಿಸ್ಕೊಂಡು ಕೂತೋಳು ಅಂತಾರೆ."

ಅಧಿಕಾರಿ ಟೈಂಕೀಪರನ ಕಡೆ ನೋಡಲಿಲ್ಲ, ಅಷ್ಟು ಮರ್ಯಾದೆ ಅವಳಿಗಿತ್ತು. "ಒಂದು ದಾರಿ ಇದೆ. ಅರ್ಜಿಯಲ್ಲಿ ಮೊದಲ ಹೆಸರು ಅಮ್ಮಂದು, ಎರಡನೇದು ಸರ್‌ದು. ಸಂಬಳ ಅವರದು, ಶಿಸ್ತು ನಿಮ್ಮದು. ಎರಡೂ ಸೇರಿಸಿ ಮೇಲಿನೋರಿಗೆ ಕಳಿಸ್ತೀನಿ. ಪಾಸಾದ್ರೂ ಬಡ್ಡಿ ಮಾತ್ರ ಒಂದು ಪರ್ಸೆಂಟ್ ಹೆಚ್ಚು ಬೀಳತ್ತೆ, ಸರ್ ಹೆಸರೂ ಇರೋದ್ರಿಂದ. ಕಂತು ತಪ್ಪಿದ್ರೆ ಈಗ ಇಬ್ಬರ ಸ್ಕೋರೂ ಇಳಿಯತ್ತೆ, ಅದು ನೆನಪಿರಲಿ."

ಅವನು ಮನಸ್ಸಿನಲ್ಲೇ ಗುಣಿಸಿದ. ಹನ್ನೊಂದು ವರ್ಷಕ್ಕೆ ಒಂದು ಪರ್ಸೆಂಟ್. ಹತ್ತಿರ ಹತ್ತಿರ ಎರಡು ತಿಂಗಳ ಸಂಬಳ. ಡ್ರೈವರುಗಳಿಗೆ ಖೋತಾ ಆಗುವುದು ಒಂದು ತಿಂಗಳ ಭತ್ಯೆ ಮಾತ್ರ.

"ಎಲ್ಲಿ ಸೈನು ಹಾಕ್ಬೇಕು?" ಎಂದ.

"ಮೊದಲು ಅಮ್ಮ. ಆಮೇಲೆ ನೀವು."

ಹೆಂಡತಿ ಪೆನ್ನು ಹಿಡಿದು, ಹೊಲಿಗೆಯ ಗುರುತು ಹಾಕುವಷ್ಟು ನಿಧಾನವಾಗಿ, ತನ್ನ ಹೆಸರು ಬರೆದಳು. ಅವನು ಕಾದು ನಿಂತ.

ಮಂಜೂರಾತಿ ಪತ್ರ ಇಪ್ಪತ್ತೊಂಬತ್ತಕ್ಕೆ ಬಂತು. ಅದನ್ನು ಹಿಡಿದುಕೊಂಡು ಅವನು ನೇರ ನರ್ಸಮ್ಮನ ಮನೆಗೆ ಹೋದ. ಮಾರನೆಯ ದಿನದವರೆಗೂ ಹೊತ್ತಿತ್ತು, ಆದರೂ ಹೋದ. ನರ್ಸಮ್ಮ ಪತ್ರ ಓದಿ, "ಹೆಂಡತಿ ಹೆಸರಲ್ಲಿದೆಯಾ? ಒಳ್ಳೇದು" ಎಂದಳು.

ಈಗ ಅವರು ಎರಡು ಮೆಟ್ಟಿಲಿನ ಮನೆಯಲ್ಲಿದ್ದಾರೆ. ಮಗಳು ಮೊದಲ ದಿನವೇ ಎರಡನ್ನೂ ಅಳೆದು, ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದಳು. ಮಗು ನಡೆಯುತ್ತದೆ. ಹೆಂಡತಿಯ ಮಂಡಿ ನೆಟ್ಟಗಾಗಿಲ್ಲ, ಕೆಡುವುದು ಮಾತ್ರ ನಿಂತಿದೆ. ಹಳೆಯ ಮನೆಯ ಗಿರಾಕಿಗಳು ಇಲ್ಲಿಗೂ ಬರುತ್ತಾರೆ, ಮೆಟ್ಟಿಲು ಹತ್ತುವ ಗೋಳಿಲ್ಲವೆಂದು ಹೆಚ್ಚೇ ಬರುತ್ತಾರೆ.

ಗೂಡಿನಲ್ಲಿ ಕೆಂಪು ಪೆನ್ನು ಮೊದಲಿನಂತೆಯೇ ನಡೆಯುತ್ತಿದೆ. ಕಳೆದ ತಿಂಗಳು ಹಾಡು ಡ್ರೈವರ್ ಮೂರು ನಿಮಿಷ ಮುಂಚೆ ಬಂದಾಗ ಅದಕ್ಕೂ ಬಿತ್ತು.

"ಮುಂಚೆ ಬಂದ್ರೂ ತಪ್ಪಾ ಸರ್?"

"ಬಸ್ಸಿಗೆ ತಪ್ಪು."

"ಮತ್ತೆ ಯಾವುದಕ್ಕೆ ಸರಿ?"

"ಹೊರಡು, ಹಿಂದೆ ಬಸ್ಸು ನಿಂತಿದೆ" ಎಂದ ಟೈಂಕೀಪರ್. ರಸ್ತೆ ಅಗೆತದ ಬಗ್ಗೆ ಡಿಪೋಗೆ ಅವನೇ ಒಂದು ಟಿಪ್ಪಣಿ ಬರೆದು ಕಳಿಸಿದ್ದಾನೆ. ಆ ದಾರಿಯ ಬಸ್ಸುಗಳಿಗೆ ಐದು ನಿಮಿಷ ಹೆಚ್ಚು ಕೊಡಬೇಕೆಂದು. ಉತ್ತರ ಇನ್ನೂ ಬಂದಿಲ್ಲ.

ಕಾರ್ಡಿನ ದುಡ್ಡನ್ನು ಈಗ ಹನ್ನೆರಡಕ್ಕೇ ಕಟ್ಟುತ್ತಾನೆ. ಫೋನಿನಲ್ಲಿ, ಹೆಂಡತಿ ಪಕ್ಕದಲ್ಲಿ ಕೂತು ಹೇಳಿಕೊಟ್ಟಂತೆ. ಆರು ದಿನ ಮುಂಚೆ ಕಟ್ಟುವಾಗ ಅವನಿಗೆ ಈಗಲೂ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಂತಾಗುತ್ತದೆ. ನೋಟ್‌ಬುಕ್ಕಿನಲ್ಲಿ ಸ್ಕೇಲು ಇಟ್ಟು ಉದ್ದಕ್ಕೆ ಒಂದು ಗೆರೆ ಎಳೆದು ಎರಡು ಕಾಲಂ ಮಾಡಿದ್ದಾನೆ. ಮೊದಲನೆಯದರಲ್ಲಿ ಕಟ್ಟಿದ ಹೊತ್ತು ಬರೆಯುತ್ತಾನೆ. ಎರಡನೆಯದನ್ನು ಖಾಲಿ ಬಿಟ್ಟು, ಬಾಗಿಲ ಮೆಟ್ಟಿಲ ಮೇಲೆ ಕುಳಿತು, ದುಡ್ಡು ಸೇರಿತು ಎಂಬ ಸಂದೇಶ ಬರುವವರೆಗೆ ಪೆನ್ನಿನ ಮುಚ್ಚಳ ಹಾಕುವುದಿಲ್ಲ.

"ಬಂತಾ?" ಎಂದು ಒಳಗಿನಿಂದ ಹೆಂಡತಿ ಕೇಳುತ್ತಾಳೆ.

"ಇನ್ನೂ ಇಲ್ಲ."

"ಬರತ್ತೆ ಬನ್ನಿ, ಊಟ ಆರತ್ತೆ."

"ಬರ್ಲಿ. ಬರ್ಕೊಂಡು ಬರ್ತೀನಿ."